ಐವತ್ತು ನಿಮಿಷದ ದಾರಿಗೆ ಒಂದು ಹಗಲು

ಸೀಟಕ್ಕನ ಗಂಡ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಬಂದಾಗಲೆಲ್ಲ ಅವನಿಗೆ ಸೊಂಟನೋವು.

ಶುಕ್ರವಾರ ಮುಸ್ಸಂಜೆಗೆ ಬಾಗಿಲ ಬಳಿ ಚೀಲ ಕುಕ್ಕಿ, ಒಂದು ಕೈಯಲ್ಲಿ ಚೌಕಟ್ಟು ಹಿಡಿದು, ಇನ್ನೊಂದನ್ನು ಬೆನ್ನಿಗೆ ಕೊಟ್ಟುಕೊಂಡು, "ಆ ಕಬ್ಬಿಣದ ಕುರ್ಚೀಲಿ ಹಗಲೆಲ್ಲ ಕೂತು ಕೂತು ನಡ ಬಿದ್ದೋಯ್ತು ಕಣೇ," ಎನ್ನುತ್ತಿದ್ದ. ಸೀಟಕ್ಕ ಹೊಲಿಗೆ ಯಂತ್ರದಿಂದ ಎದ್ದು ನೀರು ಕಾಯಿಸುತ್ತಿದ್ದಳು. ಸ್ನಾನ, ಊಟ ಮುಗಿದ ಮೇಲೆ ಅವನ ಬೆನ್ನಿಗೆ ಎಣ್ಣೆ ಹಾಕಿ ನೀವುತ್ತಿದ್ದಳು. ಮಂಚವನ್ನು ಅವನೊಬ್ಬನಿಗೇ ಬಿಟ್ಟು ತಾನು ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದಳು. ಪಾಪ, ಅಷ್ಟು ದೂರದಿಂದ ಬಂದಿದ್ದಾನೆ, ಕಾಲು ಚಾಚಿ ಮಲಗಲಿ ಎಂದು.

ಗಂಡನದು ಆಸ್ಪತ್ರೆಗಳ ಎಕ್ಸ್‌ರೇ ಯಂತ್ರ ರಿಪೇರಿ ಮಾಡುವ ಕೆಲಸ. ಕಂಪನಿ ಅವನನ್ನು ಬೆಟ್ಟಸಾಲಿನ ಆಚೆಯ ಊರಿಗೆ ಹಾಕಿತ್ತು. ಎರಡೂ ಊರುಗಳಲ್ಲಿ ಪುಟ್ಟ ವಿಮಾನ ನಿಲ್ದಾಣಗಳಿದ್ದವು. ಆದರೆ ಒಂದರಿಂದ ಇನ್ನೊಂದಕ್ಕೆ ನೇರ ವಿಮಾನ ಇರಲಿಲ್ಲ. ಬೆಳಗಿನ ವಿಮಾನದಲ್ಲಿ ರಾಜಧಾನಿಗೆ ಹೋಗಬೇಕು, ಅಲ್ಲಿ ಹಗಲಿಡೀ ಕಾಯಬೇಕು, ಸಂಜೆಯ ವಿಮಾನ ಹಿಡಿದು ಇತ್ತ ಬರಬೇಕು. ರಸ್ತೆಯಲ್ಲಾದರೆ ಬೆಟ್ಟ ಸುತ್ತಿ ಬರುವಷ್ಟರಲ್ಲಿ ಒಂದು ರಾತ್ರಿ, ಒಂದು ಹಗಲು. ಅದಕ್ಕೇ ಕಂಪನಿ ವಿಮಾನದ ಟಿಕೆಟ್ ಕೊಡುತ್ತಿತ್ತು. ಸೋಮವಾರ ವಾಪಸು ಹೊರಡುವಾಗಲೂ ಅದೇ ಪಾಡು. ನಸುಕಿಗೇ ಎದ್ದು ಹೋಗುತ್ತಿದ್ದ.

"ಓಡಾಟದಲ್ಲೇ ಅರ್ಧ ಆಯುಷ್ಯ ಮುಗೀತು," ಎಂದು ಅವನು ನಿಟ್ಟುಸಿರು ಬಿಟ್ಟರೆ ಸೀಟಕ್ಕನ ಕರುಳು ಚುರುಕ್ಕೆನ್ನುತ್ತಿತ್ತು.

ಅವಳ ಕಸುಬು ಸೀಟು ಹೊಲಿಯುವುದು. ಹೆಸರು ಬಂದದ್ದೂ ಅದರಿಂದಲೇ. ಮನೆಯ ಮುಂದಿನ ಹಾಲೇ ಅವಳ ಕಾರ್ಖಾನೆ. ಬಸ್ಸಿನ ಸೀಟು, ಕ್ಷೌರದಂಗಡಿಯ ಕುರ್ಚಿ, ಹಲ್ಲಿನ ಡಾಕ್ಟರ ಒರಗುಕುರ್ಚಿ, ಸಿನಿಮಾ ಮಂದಿರದ ಹರಿದ ಸಾಲುಗಳು ಎಲ್ಲವೂ ಅವಳ ಬಾಗಿಲಿಗೇ ಬರುತ್ತಿದ್ದವು. ಹಳೆಯ ರೆಗ್ಸಿನ್ ಕೀಳುವುದು, ಕುಸಿದ ಫೋಮ್ ತೆಗೆದು ಹೊಸದನ್ನು ಕತ್ತರಿಸಿ ಅಂಟಿಸುವುದು, ಅಂಚಿಗೆ ದಪ್ಪ ನೂಲಿನ ಹೊಲಿಗೆ ಹಾಕುವುದು, ಆಮೇಲೆ ಮೈಯ ಭಾರವನ್ನೆಲ್ಲ ಬಿಟ್ಟು ಕವರನ್ನು ಎಳೆದು ಮೊಳೆ ಹೊಡೆಯುವುದು. ಎಳೆದೂ ಎಳೆದೂ ಅವಳ ಹೆಬ್ಬೆರಳುಗಳು ಮರದ ಗೂಟದ ಹಾಗಾಗಿದ್ದವು. "ಈ ಊರಲ್ಲಿ ಯಾವ ದೊಡ್ಡ ಮನುಷ್ಯ ಕೂತ್ರೂ ನನ್ನ ಹೊಲಿಗೆ ಮೇಲೇ ಕೂರ್ಬೇಕು," ಎಂದು ನಗುತ್ತಿದ್ದಳು.

ಹಾಲಿನ ಪಕ್ಕದ ಕೋಣೆಯಲ್ಲಿ ಮಾವ ಮಲಗಿದ್ದರು. ಒಂದು ಕಾಲಕ್ಕೆ ಟೌನ್ ಬಸ್ಸಿನ ಡ್ರೈವರು. ಅಗಲ ಭುಜದ, ದೊಡ್ಡ ದನಿಯ ಮನುಷ್ಯ. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿ ಆರು ವರ್ಷವಾಗಿತ್ತು. ಮೈ ತೊಳೆಯುವುದು, ಉಣಿಸುವುದು, ಬಟ್ಟೆ ಬದಲಿಸುವುದು, ಬೆನ್ನು ಹುಣ್ಣಾಗದಂತೆ ಆಗಾಗ ಹೊರಳಿಸುವುದು ಎಲ್ಲ ಸೀಟಕ್ಕನ ಪಾಲಿಗೆ. ಮೂಳೆ ಒತ್ತುವ ಕಡೆ ಮೆತ್ತನೆಯದು, ಉಳಿದ ಕಡೆ ಗಟ್ಟಿಯದು ಹೀಗೆ ಫೋಮ್ ತುಂಡುಗಳನ್ನು ಜೋಡಿಸಿ ಅವರಿಗೆಂದೇ ಒಂದು ಹಾಸಿಗೆ ಹೊಲಿದಿದ್ದಳು. ಆರು ವರ್ಷದಲ್ಲಿ ಅವರ ಮೈಮೇಲೆ ಒಂದೂ ಕೆಂಪು ಕಲೆ ಎದ್ದಿರಲಿಲ್ಲ.

ಮಾವನಿಗೆ ಮಗಳೂ ಇದ್ದಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ಮನೆ, ನಡೆದು ಹೋಗಬಹುದಾದಷ್ಟು ಹತ್ತಿರ. ಆದರೆ ನಾದಿನಿ ಬರುತ್ತಿದ್ದದ್ದು ಅಪರೂಪ. "ಅಪ್ಪನ್ನ ಹಾಗೆ ನೋಡಕ್ಕಾಗಲ್ಲ ಅತ್ತಿಗೆ, ಎದೆ ಒಡೆಯುತ್ತೆ," ಎನ್ನುತ್ತಿದ್ದಳು. ಎದೆ ಒಡೆಯದವಳು ಹೊರಳಿಸುತ್ತಿದ್ದಳು.

ಮಾವ ದಿನವೂ ಕೇಳುವ ಪ್ರಶ್ನೆ ಒಂದೇ. "ಇವತ್ತು ಶುಕ್ರವಾರವೇನು ತಾಯಿ?"

ಒಂದು ದಿನ ಸೀಟಕ್ಕನ ಬಾಗಿಲಿಗೆ ವಿಮಾನದ ಸೀಟು ಕವರುಗಳು ಬಂದವು. ತಂದವನು ಒಂದು ಸಣ್ಣ ವಿಮಾನ ಕಂಪನಿಯ ಮ್ಯಾನೇಜರ್. ಮ್ಯಾನೇಜರೆಂದರೆ ಟಿಕೆಟ್ ಕೊಡುವವನೂ ಅವನೇ, ಚೀಲ ತೂಗುವವನೂ ಅವನೇ, ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಎನ್ನುವವನೂ ಅವನೇ.

"ಬೇಗ ಮಾಡಿಕೊಡಿ ಸೀಟಕ್ಕ. ದಿನಾ ಹಾರೋ ವಿಮಾನ, ಸೀಟಿಗೆ ಪುರುಸೊತ್ತೇ ಇಲ್ಲ."

"ದಿನಾ ಎಲ್ಲಿಗೆ ಹಾರ್ತೀರಿ?"

"ಬೆಟ್ಟದಾಚೆ ಊರಿಗೆ. ನೇರ."

"ನೇರ ಎಲ್ಲಿದೆ? ರಾಜಧಾನಿಗೆ ಹೋಗಿ ಬರ್ಬೇಕಲ್ಲ."

"ಅದು ಹಳೇ ಕತೆ. ನಾವು ಶುರು ಮಾಡಿ ಎಂಟು ತಿಂಗಳಾಯ್ತು," ಎಂದು ಅವನು ಮೇಜಿನ ಮೇಲಿದ್ದ ಅವಳ ಸೀಮೆಸುಣ್ಣ ತೆಗೆದುಕೊಂಡು ಕಪ್ಪು ರೆಗ್ಸಿನ್ನಿನ ಮೇಲೆ ಎರಡು ಚುಕ್ಕೆ ಇಟ್ಟ. "ಇದು ನಮ್ಮೂರು, ಇದು ಆ ಊರು. ಗೆರೆ ಎಳೆದ್ರೆ ಮುನ್ನೂರು ಕಿಲೋಮೀಟರೂ ಇಲ್ಲ. ರಾಜಧಾನಿ ಎಲ್ಲಿದೆ ನೋಡಿ, ಇಷ್ಟು ಕೆಳಗೆ." ಅವನ ಕೈ ರೆಗ್ಸಿನ್ನಿನ ಇನ್ನೊಂದು ತುದಿಗೆ ಹೋಗಿ ಮೂರನೆಯ ಚುಕ್ಕೆ ಇಟ್ಟಿತು. "ಪಕ್ಕದ ಮನೆಗೆ ಹೋಗಕ್ಕೆ ಊರೆಲ್ಲ ಸುತ್ತಿದ ಹಾಗಲ್ವಾ? ನಮ್ಮದು ಐವತ್ತು ನಿಮಿಷ. ಮೇಲೇರಿ ಒಂದು ಚಹಾ ಕುಡಿಯೋಷ್ಟರಲ್ಲಿ ಇಳಿಯೋ ಹೊತ್ತು."

ಸೀಟಕ್ಕನಿಗೆ ಖುಷಿಯೇ ಆಯಿತು. "ನಮ್ಮನೆಯವರಿಗೆ ಇದು ಗೊತ್ತೇ ಇಲ್ಲ ಅನ್ಸುತ್ತೆ. ಪಾಪ, ಈಗಲೂ ಸುತ್ತಿ ಬರ್ತಾರೆ. ಆ ಊರಲ್ಲೇ ಎಕ್ಸ್‌ರೇ ರಿಪೇರಿ ಕೆಲಸ."

"ಯಾರು, ಎತ್ತರಕ್ಕಿದ್ದಾರಲ್ಲ, ನೀಲಿ ಚೀಲದವರು? ಅವರು ನಿಮ್ಮನೆಯವರಾ!" ಮ್ಯಾನೇಜರ್ ಬಾಯಿ ತುಂಬ ನಕ್ಕ. "ನಮ್ಮ ಕಾಯಂ ಪ್ಯಾಸೆಂಜರ್ ಕಣ್ರೀ. ಕಿಟಕಿ ಪಕ್ಕ ಕೊಡದಿದ್ರೆ ಮುಖ ಊದಿಸ್ಕೋತಾರೆ. ಹದಿನೈದು ದಿನಕ್ಕೊಂದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆಲ್ಲ ಇಲ್ಲಿ ಇಳೀತಾರಲ್ಲ. ಸೋಮವಾರ ಸಂಜೆ ಹೋಗ್ತಾರೆ."

ಅವಳ ಮುಖ ನೋಡಿದ ಮೇಲೆ ಅವನು ನಾಲಿಗೆ ಕಚ್ಚಿಕೊಂಡ. "ಬೇರೆ ಯಾರೋ ಇರ್ಬೇಕು ಬಿಡಿ."

"ಇರ್ಬೇಕು," ಎಂದಳು ಸೀಟಕ್ಕ.

ಅವನು ಹೋದ ಮೇಲೆ ಸೀಟಕ್ಕ ತನ್ನ ಒಬ್ಬಳೇ ಮಗಳನ್ನೂ ಕೂಗಲಿಲ್ಲ, ಯಾರನ್ನೂ ಕೇಳಲಿಲ್ಲ. ಫೋನಿನಲ್ಲಿ ಹುಡುಕಿದ್ದರೆ ಎಂಟು ತಿಂಗಳ ಹಿಂದೆಯೇ ಅರೆಗಳಿಗೆಯಲ್ಲಿ ತಿಳಿಯುತ್ತಿತ್ತು. ಆದರೆ ಗಂಡ ಹೇಳಿದ ಮಾತನ್ನು ಯಾರು ಫೋನಿನಲ್ಲಿ ಹುಡುಕಿ ನೋಡುತ್ತಾರೆ?

ಗಂಡ ಬರುವ ಶುಕ್ರವಾರ ಸಿದ್ಧವಾದ ಕವರುಗಳನ್ನು ಬಾಡಿಗೆ ಟೆಂಪೊದಲ್ಲಿ ಹೇರಿಕೊಂಡು ತಾನೇ ವಿಮಾನ ನಿಲ್ದಾಣಕ್ಕೆ ಹೋದಳು. ಮಾವನನ್ನು ನೋಡಿಕೊಳ್ಳಲು ಮಗಳನ್ನು ಕೂರಿಸಿದ್ದಳು. ನಿಲ್ದಾಣವೆಂದರೆ ಮದುವೆ ಹಾಲಿನಷ್ಟು ದೊಡ್ಡದೊಂದು ಕಟ್ಟಡ. ಹಿಂದೆ ಹುಲ್ಲು, ಹುಲ್ಲಿನ ನಡುವೆ ಒಂದು ಕಪ್ಪು ಪಟ್ಟಿ. ರೆಕ್ಕೆಗೆ ಫ್ಯಾನು ಕಟ್ಟಿದಂಥ ವಿಮಾನ ಬಂದು ಇಳಿಯಿತು. ಹತ್ತಿಪ್ಪತ್ತು ಜನ ಇಳಿದರು. ಅವರ ನಡುವೆ ಅವಳ ಗಂಡ, ಇಸ್ತ್ರಿ ಮುರಿಯದ ಅಂಗಿಯಲ್ಲಿ, ನೀಲಿ ಚೀಲವನ್ನು ಮಗುವಿನ ಹಾಗೆ ತೂಗಾಡಿಸುತ್ತ, ಸಿಳ್ಳೆ ಹಾಕುತ್ತ ಬಂದ. ನಡ ನೆಟ್ಟಗಿತ್ತು.

ಅವನು ಹತ್ತಿದ ಟ್ಯಾಕ್ಸಿಯ ಹಿಂದೆ ಅವಳ ಟೆಂಪೊ ಹೋಯಿತು. ಯಾವಳೋ ಇರಬೇಕು ಎಂದೇ ಅವಳು ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡಿದ್ದಳು. ಆ ಯಾವಳೋ ಹೇಗಿರಬಹುದು, ಅವಳ ಜಡೆ ಹಿಡಿದು ಎಳೆಯುವುದು ಹೇಗೆ ಎಂಬುದೂ ಲೆಕ್ಕವಾಗಿತ್ತು. ಟ್ಯಾಕ್ಸಿ ನಿಂತದ್ದು ಬಸ್ ನಿಲ್ದಾಣದ ಹಿಂದೆ, ನಾದಿನಿಯ ಮನೆಯ ಮುಂದೆ. ನಾದಿನಿ ಬಾಗಿಲಲ್ಲೇ ಟವೆಲ್ ಹಿಡಿದು ನಿಂತಿದ್ದಳು. "ಬಾರೋ ಅಣ್ಣ, ನೀರು ಕಾದಿದೆ," ಎಂದಳು.

ಸೀಟಕ್ಕ ಮನೆಯ ಪಕ್ಕದ ಓಣಿಗೆ ಹೋಗಿ ಕಿಟಕಿಯ ಕೆಳಗೆ ನಿಂತಳು. ಒಳಗೆ ಇಸ್ಪೀಟು ಕಲೆಸುವ ಸದ್ದು, ನಾದಿನಿಯ ಗಂಡನ ನಗು, ಪಾತ್ರೆಯ ಸದ್ದು.

"ಇಷ್ಟು ಬೇಗ ಬಂದಿದೀಯ, ಮನೆಗೆ ಒಂದು ಸಲ ಹೋಗಿ ಬರಬಾರ್ದಾ?" ಎಂದು ನಾದಿನಿಯ ಗಂಡ ಕೇಳಿದ.

"ಹೋದ್ರೆ ಮುಗೀತು. ಅಪ್ಪನ್ನ ಎತ್ತಿ, ಹೊರಳಿಸಿ, ಬಟ್ಟೆ ಬದಲಾಯಿಸಿ ಅಂತ ಶುರು ಆಗುತ್ತೆ. ಮೇಲೆ ಅವಳ ಮಷೀನಿನ ಗಡಗಡ, ಫೋಮ್ ಧೂಳು. ಸಂಜೆ ತನಕ ಇಲ್ಲೇ ಸ್ವರ್ಗ ಕಣಪ್ಪ."

ನಾದಿನಿ ಕಿಲಕಿಲ ನಕ್ಕಳು.

ಸೀಟಕ್ಕನ ಕೈ ತಾನಾಗಿ ಚಪ್ಪಲಿಗೆ ಹೋಯಿತು. ಬೇರೆ ಹೆಂಗಸಾಗಿದ್ದರೆ ಒಂದು ಬಗೆ. ಇಲ್ಲಿ ಹೆಂಗಸೂ ಇಲ್ಲ, ಏನೂ ಇಲ್ಲ. ಬರೀ ಅವಳ ಮನೆ ಬೇಡ, ಅವಳ ಕೆಲಸ ಬೇಡ, ಹೆತ್ತಪ್ಪನ ಬೆನ್ನು ಬೇಡ. ಬಾಗಿಲು ತಟ್ಟಬೇಕೆಂದು ಎರಡು ಹೆಜ್ಜೆ ಇಟ್ಟವಳು ನಿಂತಳು. ತಟ್ಟಿದರೆ ಏನಾದೀತು? ಒಂದು ಜಗಳ, ಒಂದಷ್ಟು ಕಣ್ಣೀರು, ಇವತ್ತಲ್ಲ ನಾಳೆ ಒಂದು ರಾಜಿ. ಅಷ್ಟು ಸುಲಭಕ್ಕೆ ಅವನನ್ನು ಬಿಡಲು ಮನಸ್ಸು ಒಪ್ಪಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದಳು.

ಅಂದು ಮುಸ್ಸಂಜೆ ಅವನು ಎಂದಿನಂತೆ ಸೊಂಟ ಹಿಡಿದುಕೊಂಡೇ ಬಂದ. ಎಂದಿನಂತೆ ಅವಳು ಎಣ್ಣೆ ಹಾಕಿದಳು. ಆದರೆ ಆ ದಿನ ಅವಳ ಹೆಬ್ಬೆರಳು ಬೆನ್ನುಹುರಿಯ ಪಕ್ಕದಲ್ಲಿ ಮೊಳೆ ಹೊಡೆದ ಹಾಗೆ ಇಳಿಯಿತು.

"ಅಯ್ಯೋ! ಮೆತ್ತಗೆ ಕಣೇ!"

"ಸುಮ್ನಿರಿ. ಆಳದಲ್ಲಿರೋ ನೋವು, ಹೊರಗೆ ಬರ್ಬೇಕಲ್ಲ."

ಅದಾದ ಮೇಲೆ ಆ ಮನೆಯ ಮುಖ್ಯ ಕೆಲಸಗಳೆಲ್ಲ ಅವನು ಬರುವ ಶುಕ್ರವಾರದ ಹಗಲಿಗೇ ಬೀಳತೊಡಗಿದವು. ಮೊದಲು ಹೋದದ್ದು ಅವನ ಕೋಣೆ. ಅವನ ಮಂಚ ಹೊರಗೆ ಬಂದು, ಅಲ್ಲಿ ಅವಳ ದೊಡ್ಡ ಕತ್ತರಿಸುವ ಮೇಜು ಕೂತಿತು. ಸಂಜೆ ಬಂದವನು ಬಾಗಿಲಲ್ಲೇ ಬೆಪ್ಪಾಗಿ ನಿಂತ.

"ನನ್ನನ್ನ ಒಂದು ಮಾತು ಕೇಳಬಾರ್ದಿತ್ತಾ?"

"ಹೊರೋ ಆಳುಗಳು ಮಧ್ಯಾಹ್ನವೇ ಬಂದ್ರು. ನೀವು ರಾಜಧಾನೀಲಿದ್ರಲ್ಲ, ಅಲ್ಲಿಂದ ಹೇಗೆ ಬರ್ತೀರಿ ಅಂತ ಸುಮ್ಮನಾದೆ."

ಅವನು ನುಂಗಿಕೊಂಡ. ನುಂಗಿಕೊಂಡದ್ದು ಗಂಟಲಿನಲ್ಲಿ ಇಳಿಯುವುದನ್ನು ಅವಳು ಕಣ್ಣಾರೆ ಕಂಡಳು. ಹೊಟ್ಟೆ ತಣ್ಣಗಾಯಿತು, ಆದರೆ ಪೂರ್ತಿಯಲ್ಲ.

ಆಮೇಲೆ ಮಗಳ ಮದುವೆಯ ಮಾತು ಬಂತು. ಮಗಳು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದ್ದಳು, ಮನೆಯವರಿಗೂ ಒಪ್ಪಿಗೆಯಿತ್ತು. "ನನಗಿರೋದು ಒಬ್ಬಳೇ ಮಗಳು. ಅವಳ ಮದುವೆ ಮಾತಿಗೆ ನಾನೇ ಎದುರು ಕೂರ್ತೀನಿ," ಎಂದು ಗಂಡ ವರ್ಷದಿಂದ ಹೇಳುತ್ತಿದ್ದ. ಅದಕ್ಕೆಂದು ಹೊಸ ಕೋಟೂ ಹೊಲಿಸಿದ್ದ. ಸೀಟಕ್ಕ ಹುಡುಗನ ಅಪ್ಪ ಅಮ್ಮನನ್ನು ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಕರೆದಳು. ಗಂಡನಿಗೆ ಹಿಂದಿನ ದಿನ ಫೋನ್ ಮಾಡಿ ತಿಳಿಸಿದಳು.

"ಸಂಜೆಗೆ ಇಟ್ಕೊಳ್ಳೇ!"

"ಸಂಜೆ ಅವರಿಗೆ ಬೇರೆ ಕಡೆ ಹೋಗೋದಿದೆಯಂತೆ. ನೀವೇ ಬೇಗ ಬರೋ ದಾರಿ ಇಲ್ವಾ? ನೇರ ವಿಮಾನ ಏನಾದ್ರೂ ಬಂದಿದ್ಯಾ ಅಂತ ವಿಚಾರಿಸಿ."

ಅವನು ಹೌದು ಕಣೇ, ಹೊಸದೊಂದು ಶುರುವಾಗಿದೆಯಂತೆ ಎಂದಿದ್ದರೆ ಸಾಕಿತ್ತು. ಮಗಳ ಮಾತುಕತೆಗೆ ಕೋಟು ಹಾಕಿಕೊಂಡು ಬಂದು ಕೂರಬಹುದಿತ್ತು. ಆದರೆ ಹಾಗೆಂದರೆ ಮುಂದಿನ ಶುಕ್ರವಾರಗಳೆಲ್ಲ ಹೋದವು. ಸೀಟಕ್ಕ ಫೋನ್ ಕಿವಿಗೊತ್ತಿಕೊಂಡು ಕಾದಳು.

"ಎಲ್ಲಿಂದ ಬರ್ಬೇಕು ನೇರ ವಿಮಾನ!" ಎಂದ ಅವನು.

"ಹೌದಲ್ವಾ," ಎಂದಳು.

ಊಟಕ್ಕೆ ನಾದಿನಿಯನ್ನೂ ಅವಳ ಗಂಡನನ್ನೂ ಒತ್ತಾಯ ಮಾಡಿ ಕರೆಸಿದಳು. ಬಂದ ನಾದಿನಿಯ ಕೈಯಲ್ಲಿ ಮನೆಯ ಬೀಗದ ಕೈ. ಅದನ್ನು ಅವಳು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲವೆಂದು ಕಾಣಬೇಕಲ್ಲ, ಅಣ್ಣನನ್ನು ಒಳಗೇ ಇಟ್ಟು ಹೊರಗಿನಿಂದ ಬೀಗ ಹಾಕಿ ಬಂದಿದ್ದಾಳೆಂದು ಸೀಟಕ್ಕನಿಗೆ ಹೊಳೆಯಿತು. ನಗು ಉಕ್ಕಿ ಬಂದು ಅಡುಗೆಮನೆಗೆ ಹೋಗಿ ಸೆರಗು ಕಚ್ಚಿಕೊಂಡಳು.

ಮೇಜಿನ ತಲೆಯಲ್ಲಿ ಮಾವನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿದ್ದಳು. ಬಿಳಿ ಅಂಗಿ, ನುಣ್ಣಗೆ ಬೋಳಿಸಿದ ಗಲ್ಲ. ಊಟದ ನಡುವೆ ಮಗಳು ಅಪ್ಪನಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಮಧ್ಯದಲ್ಲಿಟ್ಟಳು.

"ಎಲ್ಲಿದ್ದೀರಿ ಅಪ್ಪಾ?"

"ರಾಜಧಾನಿ ಏರ್‌ಪೋರ್ಟಲ್ಲೇ ಕಣಮ್ಮ," ದನಿ ಪಿಸುಗುಟ್ಟಿದಂತಿತ್ತು. ಅಷ್ಟರಲ್ಲಿ ಫೋನಿನೊಳಗೆ ಭೋಂ ಎಂದು ಹಾರನ್ ಕೇಳಿತು. ಯಾರೋ ಊರೂರುಗಳ ಹೆಸರು ಕೂಗುತ್ತಿದ್ದರು.

"ಅಲ್ಲೇನು ಬಸ್ಸು ಬಂದಿದೆಯಾ?" ಎಂದು ಹುಡುಗನ ಅಪ್ಪ ಹುಬ್ಬೇರಿಸಿದರು.

ನಾದಿನಿಯ ಕೈಯಿಂದ ಲೋಟ ಉರುಳಿತು. ಫೋನ್ ಕಟ್ಟಾಯಿತು.

"ಪಾಪ, ಹೊಟ್ಟೆಪಾಡು ನೋಡಿ. ಮಗಳ ಮಾತಿಗೂ ಬರಕ್ಕಾಗಲಿಲ್ಲ," ಎಂದು ಹುಡುಗನ ಅಮ್ಮ ಮರುಗಿದರು.

"ಏನ್ ಮಾಡೋದು, ದೂರ," ಎಂದಳು ಸೀಟಕ್ಕ.

ಮದುವೆಯ ದಿನ ಗೊತ್ತುಮಾಡಿದರು. ಮಾವ ಬಲಗೈ ಎತ್ತಿ ಹುಡುಗನ ತಲೆ ಮುಟ್ಟಿದರು. ಹೊರಡುವಾಗ ನಾದಿನಿ ಒಂದು ಡಬ್ಬಿಗೆ ಊಟ ತುಂಬಿಕೊಳ್ಳುವುದು ಕಂಡಿತು. "ರಾತ್ರಿಗಾಗುತ್ತೆ ಅಂತ," ಎಂದು ತೊದಲಿದಳು.

"ಇನ್ನೂ ಹಾಕ್ಕೋ," ಎಂದಳು ಸೀಟಕ್ಕ. "ಯಾರು ಎಲ್ಲಿ ಹಸಿದು ಕೂತಿರ್ತಾರೋ."

ಸಂಜೆ ಗಂಡ ಬಾಡಿದ ಮುಖ ಹೊತ್ತು ಬಂದ. "ಮಾತು ಚೆನ್ನಾಗಿ ನಡೀತಾ?"

"ತುಂಬಾ ಚೆನ್ನಾಗಿ. ನೀವಿಲ್ಲ ಅನ್ನೋ ಕೊರತೇನೇ ಕಾಣಲಿಲ್ಲ."

ಅವನ ಕಣ್ಣಲ್ಲಿ ನೀರು ತುಂಬಿದ್ದನ್ನು ಅವಳು ನೋಡಿದಳು. ಬೆನ್ನು ಕೊಟ್ಟು ಮಲಗಿ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಮದುವೆಗೆ ಇನ್ನೂ ಸಮಯವಿತ್ತು. ಇನ್ನೊಂದು ಶುಕ್ರವಾರ ಬೆಳಿಗ್ಗೆ ಮಾವನಿಗೆ ಉಸಿರು ಕಟ್ಟಿತು. ತುಟಿ ನೀಲಿಯಾಯಿತು. ಸೀಟಕ್ಕ ಮಗಳ ಜೊತೆ ಅವರನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸೇರಿಸಿದಳು. ಮೂಗಿಗೆ ಆಮ್ಲಜನಕ ಕೊಟ್ಟು ಡಾಕ್ಟರು, "ಮನೆಯವರಿಗೆಲ್ಲ ತಿಳಿಸಿಬಿಡಿ," ಎಂದರು. ಅವಳು ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದಳು.

"ಮಾವನಿಗೆ ಉಸಿರು ಸಿಗ್ತಿಲ್ಲ. ಆಸ್ಪತ್ರೇಲಿದ್ದೀವಿ. ನೀವೆಲ್ಲಿದ್ದೀರಿ?"

ಇಸ್ಪೀಟು ಕಲೆಸುವ ಸದ್ದು ಥಟ್ಟನೆ ನಿಂತಿತು. "ನಾನು... ರಾಜಧಾನೀಲಿ. ಸಂಜೆ ವಿಮಾನಕ್ಕೆ ಬರ್ತೀನಿ."

"ಸಂಜೆ ತನಕ ಅವರು ಇರ್ತಾರೋ ಇಲ್ವೋ."

"ನಾನೇನ್ ಮಾಡ್ಲಿ ಹೇಳು?"

ಎಲ್ಲ ಗೊತ್ತು, ಎದ್ದು ಬನ್ನಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಬಾಯಿ ಬಿಗಿಹಿಡಿದಳು. "ಏನೂ ಮಾಡ್ಬೇಡಿ. ನಿಧಾನವಾಗಿ ಬನ್ನಿ," ಎಂದು ಇಟ್ಟುಬಿಟ್ಟಳು.

ಒಳಗೆ ಮಾವ ಆಮ್ಲಜನಕದ ಮಾಸ್ಕಿನೊಳಗಿನಿಂದಲೇ ಕೇಳಿದರು. "ಶುಕ್ರವಾರವೇನು ತಾಯಿ?"

"ಹೌದು ಮಾವ. ಸಂಜೆ ಬರ್ತಾರೆ."

ಅವರ ಕಣ್ಣು ಬಾಗಿಲಿಗೆ ಹೋಗಿ ಅಲ್ಲೇ ಅಂಟಿಕೊಂಡಿತು. ಗಂಡನಿಗೆಂದು ಹಾಕಿದ ಕುಣಿಕೆ ಈ ಮುದುಕನ ಕೊರಳಿಗೂ ಬಿದ್ದಿದೆಯೆಂದು ಸೀಟಕ್ಕನಿಗೆ ಅರ್ಥವಾಯಿತು. ಅರ್ಥವಾದ ಮೇಲೂ ಅವಳು ಫೋನ್ ಎತ್ತಲಿಲ್ಲ. ಮಾವನ ತಣ್ಣನೆಯ ಪಾದ ಉಜ್ಜುತ್ತ, ಬರಲಿ, ತಾನಾಗಿ ಬರಲಿ, ಇಲ್ಲದಿದ್ದರೆ ಸಾಯುವವರೆಗೂ ಅನುಭವಿಸಲಿ ಎಂದು ಹಲ್ಲು ಕಚ್ಚಿ ಕೂತಳು.

ಮೊದಲು ನಾದಿನಿ ಬಂದಳು. ಒಂದು ಗಳಿಗೆ ನಿಂತು ಅಪ್ಪನ ಮುಖ ನೋಡಿ, ಅತ್ತಿಗೆಯ ಮುಖ ನೋಡಿ, ಫೋನ್ ಹಿಡಿದು ಹೊರಗೆ ಓಡಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಗಂಡ ಬಾಗಿಲಲ್ಲಿ ನಿಂತಿದ್ದ. ಅಂಗಿಯ ಗುಂಡಿ ಮೇಲೆ ಕೆಳಗೆ, ಕೈಯಲ್ಲಿ ಚೀಲವಿಲ್ಲ, ಕಾಲಲ್ಲಿ ಬಚ್ಚಲಿಗೆ ಹಾಕುವ ರಬ್ಬರ್ ಚಪ್ಪಲಿ.

"ಅಪ್ಪಾ!" ಎಂದಳು ಮಗಳು. "ಸಂಜೆ ವಿಮಾನ ಅಂದ್ರಲ್ಲ?"

"ಅದು... ಮುಂಚಿನದೊಂದು ಸಿಕ್ತು."

"ಚಪ್ಪಲಿ ಯಾರದು?" ಎಂದು ಕೇಳಿದಳು ಸೀಟಕ್ಕ.

ಎಲ್ಲರೂ ಅವನ ಕಾಲು ನೋಡಿದರು. ನರ್ಸ್ ಕೂಡ ನೋಡಿದಳು.

"ನಿಮ್ಮತ್ತೆ ಗಂಡನದು," ಎಂದು ಸೀಟಕ್ಕನೇ ಮಗಳಿಗೆ ಹೇಳಿದಳು. ದನಿ ಏರಿಸಲಿಲ್ಲ. "ನೇರ ವಿಮಾನ ಬಂದು ಒಂದು ವರ್ಷ ಆಯ್ತು. ಐವತ್ತು ನಿಮಿಷದ ದಾರಿ. ನಿಮ್ಮಪ್ಪ ಅದನ್ನ ಒಂದು ಹಗಲು ಮಾಡ್ಕೊಂಡು ಬರ್ತಿದ್ರು. ಮಿಕ್ಕ ಹೊತ್ತೆಲ್ಲ ನಿಮ್ಮತ್ತೆ ಮನೇಲಿ ಇಸ್ಪೀಟು. ತಾತನ್ನ ಹೊರಳಿಸೋದು ತಪ್ಪಬೇಕಲ್ಲ. ನಿನ್ನ ಮದುವೆ ಮಾತಿನ ದಿನ ಅಲ್ಲೇ ಬೀಗ ಹಾಕಿಸ್ಕೊಂಡು ಕೂತಿದ್ರು."

ಮಗಳು ಅಪ್ಪನನ್ನು ನೋಡಿದ ನೋಟಕ್ಕಿಂತ ಹೆಚ್ಚಿನದನ್ನು ಸೀಟಕ್ಕ ಯಾವತ್ತೂ ಬಯಸಿರಲಿಲ್ಲ. ಗಂಡ ಕುಸಿದು ಹಾಸಿಗೆಯ ಅಂಚಿನಲ್ಲಿ ಕೂತ. ಇದೊಂದೂ ಕಿವಿಗೆ ಬೀಳದ ಮಾವ ಮಾತ್ರ ಮಗನ ಕೈ ಹಿಡಿದು, "ಬೇಗ ಬಂದ್ಯಲ್ಲೋ," ಎಂದು ನಕ್ಕರು.

ಮಾವ ಉಳಿದುಕೊಂಡರು. ಆಸ್ಪತ್ರೆಯಿಂದ ಬಿಡುವ ದಿನ ಸೀಟಕ್ಕ ಅವರ ಕಿವಿಯ ಬಳಿ ಬಾಗಿ, "ಮಾವ, ಸ್ವಲ್ಪ ದಿನ ಮಗಳ ಮನೇಲಿ ಇರ್ತೀರಾ?" ಎಂದು ಕೇಳಿದಳು. ಬೇಡ ತಾಯಿ, ನಿನ್ನ ಜೊತೆಗೇ ಬರ್ತೀನಿ ಎಂದಾರು ಎಂಬ ಆಸೆ ಅವಳಿಗೆ ಇತ್ತು.

"ಮಗನೂ ಅಲ್ಲೇ ಇರ್ತಾನಾ?"

"ಇರ್ತಾರೆ."

"ಹಾಗಾದ್ರೆ ಅಲ್ಲಿಗೇ ಹೋಗೋಣ," ಎಂದರು ಮಾವ. ಆರು ವರ್ಷದ ಋಣ ಅಷ್ಟು ಹಗುರವಾಗಿ ಹರಿದುಹೋಯಿತು. ಆದರೂ ಆಂಬುಲೆನ್ಸಿನವನಿಗೆ ಬಸ್ ನಿಲ್ದಾಣದ ಹಿಂದಿನ ಬೀದಿ ಎಂದೇ ಹೇಳಿದಳು. ತಾನು ಹೊಲಿದ ಹಾಸಿಗೆಯನ್ನೂ ಹಿಂದೆ ಟೆಂಪೊದಲ್ಲಿ ತರಿಸಿದಳು.

ನಾದಿನಿ ಬಾಗಿಲು ತೆರೆದು ಹೌಹಾರಿದಳು. "ಅತ್ತಿಗೆ, ಏನಿದು?"

"ನಿಮ್ಮಪ್ಪ."

"ಎಲ್ಲಿ ಮಲಗಿಸೋದು? ಜಾಗ ಎಲ್ಲಿದೆ?"

"ಅಣ್ಣ ಮಲಗ್ತಿದ್ದ ಕಡೆ."

ಆಸ್ಪತ್ರೆಯ ಆ ದಿನದಿಂದ ತಂಗಿಯ ಮನೆಯಲ್ಲೇ ಉಳಿದಿದ್ದ ಗಂಡ ಅವಳ ಹಿಂದಿನಿಂದ ಬಂದ. "ನನಗೆ ಅಲ್ಲಿ ಕೆಲಸ ಇದೆ ಕಣೇ, ಹೇಗೆ..."

"ರಜೆ ಹಾಕಿ. ಇಲ್ಲಾಂದ್ರೆ ದಿನಾ ಹೋಗಿ ಬನ್ನಿ. ಮುನ್ನೂರು ಕಿಲೋಮೀಟರೂ ಇಲ್ಲವಂತಲ್ಲ."

ಅವನು ಉದ್ದ ರಜೆ ಹಾಕಿದ. ಸೀಟಕ್ಕ ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ಗಂಡ ಸೋತು ಓಡಿ ಬಂದಾನು, ನಾದಿನಿ ಕಾಲು ಹಿಡಿದಾಳು, ಮಾವನ ಬೆನ್ನು ಹುಣ್ಣಾಯಿತು ಎಂಬ ಸುದ್ದಿ ಬಂದೀತು ಎಂದು ಕಾದಳು. ಕೊನೆಯದನ್ನು ತಾನು ನಿಜವಾಗಿ ಬಯಸುತ್ತಿದ್ದೇನೆಂದು ಗೊತ್ತಾದಾಗ ಸೂಜಿ ಕೆಳಗಿಟ್ಟು ಎದ್ದು ಹೊರಟಳು.

ಹೋಗಿ ನೋಡಿದರೆ ಮಾವ ಕಿಟಕಿಯ ಬೆಳಕಿನಲ್ಲಿ ಒರಗಿದ್ದರು. ಉಗುರು ಕತ್ತರಿಸಿತ್ತು, ತಲೆ ಬಾಚಿತ್ತು. ಗಂಡ ತೋಳು ಮಡಚಿ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದ. ಅವಳು ಮಾತಿಲ್ಲದೆ ಮಾವನನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು, ಸೊಂಟ, ಹಿಮ್ಮಡಿ ಎಲ್ಲ ತಡವಿ ನೋಡಿದಳು. ಒಂದೂ ಕಲೆಯಿಲ್ಲ.

"ಬರುತ್ತಲ್ಲ ನಿಮಗೆ," ಎಂದಳು.

"ಕಲ್ತೆ," ಎಂದ ಅವನು ತಲೆ ತಗ್ಗಿಸಿ. "ಅಷ್ಟೇನು ಕಷ್ಟ ಇಲ್ಲ."

ಆ ಒಂದು ಮಾತಿಗೆ ಅವಳಿಗೆ ಅಡಿಯಿಂದ ಮುಡಿಯವರೆಗೆ ಹತ್ತಿ ಉರಿಯಿತು. ಕೆಟ್ಟದಾಗಿ ನೋಡಿಕೊಂಡಿದ್ದರೆ ಬೈದು ಹಗುರಾಗಬಹುದಿತ್ತು. ಇಷ್ಟು ಚೆನ್ನಾಗಿ ಮಾಡಬಲ್ಲವನು ಆರು ವರ್ಷ ಮಾಡಲಿಲ್ಲ. ಮನೆಗೆ ಬಂದು ಒಂದು ಬಸ್ ಸೀಟಿನ ಹಳೆಯ ರೆಗ್ಸಿನ್ನನ್ನು ಬರಿಗೈಯಲ್ಲಿ ಸಿಗಿದು ಹಾಕಿದಳು. ಬೆರಳಿಂದ ರಕ್ತ ಬಂತು, ಅಳು ಬರಲಿಲ್ಲ.

ಮದುವೆಯಾಯಿತು. ಮಗಳ ಮಾತಿಗೆ ಕಟ್ಟುಬಿದ್ದು ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಹೊಸ ಕೋಟು ಅವನಿಗೆ ಸಡಿಲವಾಗಿತ್ತು. ಚಳಿಗಾಲದಲ್ಲಿ ಮಾವ ತೀರಿಕೊಂಡರು, ಮಗನ ತೋಳಿನಲ್ಲಿ. ಸೀಟಕ್ಕ ಹೋಗುವಷ್ಟರಲ್ಲಿ ಮುಗಿದಿತ್ತು. ಅವಳು ಅವರ ಮೈ ತೊಳೆಯಲು ಬೇರೆ ಯಾರನ್ನೂ ಬಿಡಲಿಲ್ಲ. ಅವತ್ತು ಅತ್ತಳು, ಗಂಡನಿಗೆ ಕಾಣದ ಹಾಗೆ.

ಆ ಸಣ್ಣ ವಿಮಾನ ಕಂಪನಿ ಸೀಟು ತುಂಬುತ್ತಿಲ್ಲವೆಂದು ನೇರ ಹಾರಾಟ ನಿಲ್ಲಿಸಿತು. ಕೆಲಸಕ್ಕೆ ಮರಳಿದ ಗಂಡ ಈಗ ನಿಜವಾಗಿಯೂ ರಾಜಧಾನಿ ಸುತ್ತಿ ಬರಬೇಕಾಯಿತು. ಸುದ್ದಿ ತಂದ ಮ್ಯಾನೇಜರ್ ಸೀಟಕ್ಕ ಬಿದ್ದು ಬಿದ್ದು ನಕ್ಕದ್ದನ್ನು ನೋಡಿ ಕಕ್ಕಾಬಿಕ್ಕಿಯಾದ.

ನಾದಿನಿ ಅಣ್ಣನ ಜೊತೆ ಮಾತು ಬಿಟ್ಟಳು. ಅಪ್ಪ ತನ್ನ ಮನೆಗೆ ಬಂದು ಬೀಳುವಂತಾದದ್ದು ಅವನಿಂದಲೇ ಎಂದು ಅವಳ ಸಿಟ್ಟು. ಹೋಗಲು ಬೇರೆಡೆಯಿಲ್ಲದೆ ಅವನು ಹೆಂಡತಿಯ ಬಾಗಿಲಿಗೆ ಬಂದು, "ಇರಲಾ?" ಎಂದು ಕೇಳಿದ. ಅವಳು ಮಾವನ ಕೋಣೆ ತೋರಿಸಿದಳು. ಊಟ ಹಾಕುತ್ತಾಳೆ. ಮಾತಿಗೆ ಮಾತು ಕೊಡುತ್ತಾಳೆ, ಅಳತೆ ಮಾಡಿ.

"ಇನ್ನೂ ಎಷ್ಟು ದಿನ ಅಮ್ಮ? ಅಪ್ಪ ಸೊರಗಿಹೋಗಿದ್ದಾರೆ," ಎಂದು ಮಗಳು ಕೇಳಿದಳು.

"ಸೊರಗಲಿ. ನನಗಿನ್ನೂ ಸಾಕಾಗಿಲ್ಲ."

ಈಗ ಪುರಭವನದ ನೂರಾರು ಕುರ್ಚಿಗಳ ಕೆಲಸ ಅವಳಿಗೆ ಸಿಕ್ಕಿದೆ. ಹಳೆಯ ಕುರ್ಚಿಗಳಿಂದ ತುಕ್ಕು ಹಿಡಿದ ಮೊಳೆ ಕೀಳುವುದು ಎಲ್ಲರೂ ಬೇಡವೆನ್ನುವ ಕೆಲಸ. ಶನಿವಾರ ಬೆಳಗಾದರೆ ಗಂಡ ಹಾಲಿನ ಮೂಲೆಯಲ್ಲಿ ಮುಕ್ಕಾಲುಮಣೆ ಹಾಕಿಕೊಂಡು, ಇಕ್ಕಳ ಹಿಡಿದು, ಫೋಮ್ ಧೂಳಿಗೆ ಸೀನುತ್ತ ಕೂರುತ್ತಾನೆ. ಕಿತ್ತು ಮುಗಿಸಿದ ಕುರ್ಚಿಯನ್ನು ಅವಳ ಮುಂದಿಡುತ್ತಾನೆ. ಅವಳು ಚೌಕಟ್ಟಿನ ಮೇಲೆ ಅಂಗೈ ಆಡಿಸುತ್ತಾಳೆ. ಒಂದು ಮೊಳೆ ಸಿಕ್ಕಿದರೂ ಸಾಕು, ತುಟಿ ಪಿಟಕ್ಕೆನ್ನದೆ ಕುರ್ಚಿಯನ್ನು ಅವನ ಕಡೆ ತಳ್ಳಿ ಮತ್ತೆ ಯಂತ್ರ ತುಳಿಯುತ್ತಾಳೆ.